ಮಕ್ಕಳ ಅರ್ಧಾಂಗವಾಯು ಮತ್ತು ಬುದ್ಧಿಯ ಬೆಳವಣಿಗೆ

ಪಾರ್ಶ್ವವಾಯು ಮುಪ್ಪಿನಲ್ಲಿ ಬರುವ ವ್ಯಾಧಿಯೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ತಾಯಿಯ ಗರ್ಭದಲ್ಲಿರುವ ಶಿಶುವಿಗೂ, ಹುಟ್ಟಿದ ಕೆಲವೇ ದಿನಗಳ ಕೂಸಿಗೂ ಮಿದುಳಿನ ರಕ್ತನಾಳ ಕಟ್ಟಿಕೊಂಡು ದೇಹದ ಒಂದು ಮಗ್ಗುಲು ಬಲಹೀನವಾಗಬಹುದು. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ ಬಲಭಾಗವು ಎಡಭಾಗವನ್ನೂ ಆಳುವುದರಿಂದ, ಪೆಟ್ಟು ಬಿದ್ದ ಕಡೆಗೆ ವಿರುದ್ಧವಾದ ಕೈಕಾಲುಗಳು ಸೊರಗುತ್ತವೆ. ಸಾಮಾನ್ಯವಾಗಿ ಕಾಲಿಗಿಂತ ಕೈಗೇ ತೊಂದರೆ ಹೆಚ್ಚು. ಇಂತಹ ಮಕ್ಕಳಲ್ಲಿ ಬಹುಪಾಲು ಮಂದಿ ತಡವಾಗಿಯಾದರೂ ನಡೆಯುತ್ತಾರೆ.

ವಿಚಿತ್ರವೆಂದರೆ, ಹುಟ್ಟಿದಾಗ ಈ ದೋಷವು ಕಣ್ಣಿಗೆ ಬೀಳುವುದು ಅಪರೂಪ. ಕೂಸು ನಾಲ್ಕೈದು ತಿಂಗಳಾಗಿ ಗಿಲಕಿಗೆ ಕೈ ಚಾಚತೊಡಗಿದಾಗ ಮಾತ್ರ ಒಂದು ಕೈ ಮುಷ್ಟಿ ಬಿಚ್ಚದೆ ಎದೆಗೆ ಅಂಟಿಕೊಂಡಿರುವುದು ತೋರುತ್ತದೆ. ಒಂದು ವರ್ಷ ತುಂಬುವ ಮೊದಲು ಮಕ್ಕಳು ಎರಡು ಕೈಗಳನ್ನೂ ಸಮನಾಗಿ ಬಳಸಬೇಕು. ಎಂಟು ತಿಂಗಳ ಮಗು ಎಲ್ಲವನ್ನೂ ಬಲಗೈಯಲ್ಲೇ ತೆಗೆದುಕೊಂಡರೆ ಮನೆಯವರು ಒಳ್ಳೆಯ ಅಭ್ಯಾಸವೆಂದು ಹಿಗ್ಗುವುದುಂಟು. ಎಡಗೈ ಸೋತಿರುವುದರ ಮೊದಲ ಸೂಚನೆಯೇ ಅದಾಗಿರಬಹುದು. ಇದಕ್ಕೆ ತದ್ವಿರುದ್ಧವಾದ ಸಂಕಟವೂ ನಮ್ಮ ಮನೆಗಳಲ್ಲಿದೆ. ಬಲಗೈ ಸೋತ ಮಗು ಎಡಗೈಯಲ್ಲಿ ಉಂಡರೆ, ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದರೆ ಗದರಿಸುತ್ತಾರೆ. ಆ ಮಗುವಿಗೆ ಬೇರೆ ಕೈಯೆಲ್ಲಿದೆ?

ಈ ಬಗೆಯ ವೈಕಲ್ಯಗಳ ಕಾರಣವನ್ನು ಕುರಿತ ಚರ್ಚೆ ಹಳೆಯದು. ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1862ರಲ್ಲಿ ಹೆರಿಗೆಯ ಕಾಲದ ಉಸಿರುಗಟ್ಟುವಿಕೆಯನ್ನು ಮುಖ್ಯ ಕಾರಣವೆಂದು ವಾದಿಸಿದನು. ಮನಶ್ಶಾಸ್ತ್ರಕ್ಕೆ ಹೆಸರಾಗುವ ಮುನ್ನ ನರವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್, 1891ರಲ್ಲಿ ಆಸ್ಕರ್ ರೀ ಎಂಬಾತನೊಡನೆ ಮಕ್ಕಳ ಅರ್ಧಾಂಗವಾಯುವನ್ನು ಕುರಿತೇ ಒಂದು ಗ್ರಂಥ ಬರೆದನು; ಕಷ್ಟದ ಹೆರಿಗೆಯೇ ಎಷ್ಟೋ ವೇಳೆ ಗರ್ಭದಲ್ಲಿ ಮೊದಲೇ ಆಗಿದ್ದ ದೋಷದ ಫಲವಾಗಿರಬಹುದೆಂಬುದು ಅವನ ಮತ. ಇಂದಿನ ಸ್ಕ್ಯಾನಿಂಗ್ ಹಲವು ಮಕ್ಕಳ ವಿಷಯದಲ್ಲಿ ಫ್ರಾಯ್ಡನ ಪಕ್ಷವನ್ನೇ ಎತ್ತಿಹಿಡಿದಿದೆ. ತಾಯಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳೇ ಎಂದು ಸೊಸೆಯನ್ನು ದೂರುವವರು ಇದನ್ನು ಗಮನಿಸಬೇಕು.

ಹುಟ್ಟಿದ ಮೇಲೂ ಈ ರೋಗ ಬರಬಹುದು. ಮಿದುಳುಪೊರೆಯ ಕ್ಷಯ ಮತ್ತು ಇತರ ಸೋಂಕುಗಳು, ಹುಟ್ಟಿನಿಂದ ಬಂದ ಹೃದಯದೋಷ, ತೀವ್ರ ವಾಂತಿಭೇದಿಯಿಂದ ನೀರಾರಿ ಮಿದುಳಿನ ರಕ್ತ ಹೆಪ್ಪುಗಟ್ಟುವುದು ಕಾರಣಗಳಲ್ಲಿ ಕೆಲವು. ಸೊಳ್ಳೆಯಿಂದ ಹರಡುವ ಜಪಾನೀ ಮಿದುಳುಜ್ವರವು ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟದ್ದು 1955ರಲ್ಲಿ, ನಮಗೆ ಬಹುದೂರವಲ್ಲದ ವೆಲ್ಲೂರಿನಲ್ಲಿ.

ಜ್ವರದಲ್ಲಿ ಬರುವ ಫಿಟ್ಸ್ ಅನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಐದಾರು ನಿಮಿಷದ ಸಾಮಾನ್ಯ ಜ್ವರದ ಸೆಳೆತದಿಂದ ಬುದ್ಧಿಗೆ ಕೇಡಿಲ್ಲ. ಆದರೆ ನಾಲ್ಕು ವರ್ಷದೊಳಗಿನ ಮಗುವಿಗೆ ದೇಹದ ಒಂದೇ ಮಗ್ಗುಲಲ್ಲಿ ಸೆಳೆತವು ಅರ್ಧ ಗಂಟೆ, ಒಂದು ಗಂಟೆ ನಿಲ್ಲದೆ ನಡೆದರೆ, ಆ ಮಗ್ಗುಲು ಬಿದ್ದುಹೋಗಿ ಮುಂದೆ ಮೂರ್ಛೆರೋಗವೂ ಬುದ್ಧಿಯ ಕುಂದೂ ಅಂಟಿಕೊಳ್ಳಬಹುದು. ಆ ಹೊತ್ತಿನಲ್ಲಿ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಬಾಯಿಗೆ ಚಮಚ ತುರುಕುವುದು, ಬರೆ ಹಾಕುವುದು, ಇವೆಲ್ಲ ಕಾಲಹರಣ ಮಾತ್ರವಲ್ಲ, ಅಪಾಯ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಪಾರ್ಶ್ವವಾಯುವಿಗೆ ಪಾರಿವಾಳದ ರಕ್ತ ಸವರುವ ಚಿಕಿತ್ಸೆಯಿಂದ ಸತ್ತುಹೋದ ಮಿದುಳಿನ ಕಣ ಮರಳದು; ಆ ಪಾಪದ ಹಕ್ಕಿ ಸಾಯುವುದೊಂದೇ ಲಾಭ.

ಪಾಲಕರ ಮುಖ್ಯ ಪ್ರಶ್ನೆ ಬುದ್ಧಿಯದು. ಕೈ ಸೋತಿತೆಂದಮಾತ್ರಕ್ಕೆ ಬುದ್ಧಿ ಸೋತಿರುವುದಿಲ್ಲ. ಒಂದು ಮಗ್ಗುಲು ಮಾತ್ರ ಬಲಹೀನವಾದ ಮಕ್ಕಳಲ್ಲಿ ಅನೇಕರು ಎಲ್ಲರಂತೆ ಓದಬಲ್ಲರು. ಮಾತಿನ ಕೇಂದ್ರವಿರುವ ಎಡ ಮಿದುಳಿಗೆ ಶೈಶವದಲ್ಲೇ ಪೆಟ್ಟಾದರೆ ಬಲ ಮಿದುಳು ಆ ಕೆಲಸವನ್ನು ವಹಿಸಿಕೊಳ್ಳುವುದುಂಟು. ವಯಸ್ಕರಿಗೆ ಈ ಭಾಗ್ಯ ವಿರಳ. ಬುದ್ಧಿಯನ್ನು ನಿಜವಾಗಿ ತಿನ್ನುವುದು ಹತೋಟಿಗೆ ಬಾರದ ಮೂರ್ಛೆ. ಆದುದರಿಂದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಯಾವ ಔಷಧಕ್ಕೂ ಬಗ್ಗದ ಮೂರ್ಛೆಗೆ, ಕೆಟ್ಟುಹೋದ ಅರ್ಧ ಮಿದುಳನ್ನೇ ತೆಗೆಯುವ ಅಥವಾ ಸಂಬಂಧ ಕಡಿಯುವ ಶಸ್ತ್ರಚಿಕಿತ್ಸೆಯೂ ಇದೆ. ದಕ್ಷಿಣ ಆಫ್ರಿಕದ ಕ್ರಿನಾವ್ ಎಂಬ ವೈದ್ಯ 1950ರಲ್ಲಿ ಹನ್ನೆರಡು ಮಂದಿಯಲ್ಲಿ ಇದನ್ನು ಮಾಡಿ ವರದಿ ಕೊಟ್ಟನು. ಇಂದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮುಂತಾದೆಡೆ ಮೂರ್ಛೆರೋಗದ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಪೋಲಿಯೋದೊಡನೆ ಇದನ್ನು ಬೆರೆಸಬಾರದು. ಪೋಲಿಯೋದಲ್ಲಿ ಅಂಗ ಜೋಲುತ್ತದೆ, ಬುದ್ಧಿ ಮುಟ್ಟುವುದಿಲ್ಲ. ಇಲ್ಲಿ ಅಂಗ ಬಿಗಿಯುತ್ತದೆ, ಹಿಮ್ಮಡಿ ಎತ್ತಿ ನಡೆಯುತ್ತಾರೆ. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೂ ಬಾಲ್ಯದಲ್ಲಿ ಕಾಲೆಳೆಯುವವರನ್ನೆಲ್ಲ ನಮ್ಮಲ್ಲಿ ಪೋಲಿಯೋ ಎಂದೇ ಕರೆಯುತ್ತಾರೆ.

ಚಿಕಿತ್ಸೆಯ ಸಾರವೆಲ್ಲ ಅಭ್ಯಾಸದಲ್ಲಿದೆ. ಒಳ್ಳೆಯ ಕೈಯನ್ನು ದಿನಕ್ಕೆ ಕೆಲವು ಗಂಟೆ ಬಟ್ಟೆಯಲ್ಲಿ ಕಟ್ಟಿಹಾಕಿ, ಸೋತ ಕೈಯಿಂದಲೇ ಆಟವಾಡಿಸುವ ಕ್ರಮವು ಈಗ ಮಾನ್ಯವಾಗಿದೆ. ತಜ್ಞರಿಂದ ಕಲಿತು ಮನೆಯಲ್ಲೇ ಮಾಡಬಹುದು. ಎರಡು ಕೈ ಬೇಡುವ ಕೆಲಸಗಳೂ ಬೇಕು. ತಾರಮಂಗಲದ ನೇಕಾರರ ಮನೆಗಳಲ್ಲಿ ಇದಕ್ಕೆ ಬೇರೆ ಸಲಕರಣೆ ಹುಡುಕಬೇಕಾಗಿಲ್ಲ. ಒಂದು ಕೈಯಿಂದ ರಾಟೆ ತಿರುಗಿಸಿ ಇನ್ನೊಂದರಿಂದ ನೂಲು ಹಿಡಿದು ಕಂಡಿಕೆ ಸುತ್ತುವುದು, ಮಗುವಿನ ಶಕ್ತಿಗೆ ತಕ್ಕಂತೆ ಆಟವಾಗಿ ಮಾಡಿಸಿದರೆ, ಸಾಕಷ್ಟು ಒಳ್ಳೆಯ ವ್ಯಾಯಾಮ. ದುಡಿಮೆಯಾಗಿ ಮಾತ್ರ ಅಲ್ಲ.

ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆ ಮಾಡುವ ರೂಢಿಯಿಂದ ಕೆಲವು ಅನುವಂಶಿಕ ಬುದ್ಧಿದೋಷಗಳು ಹೆಚ್ಚುವುದು ನಿಜ. ಅರ್ಧಾಂಗವಾಯುವಿಗೆ ಅದು ಸಾಮಾನ್ಯ ಕಾರಣವಲ್ಲ.

ಶಾಲೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ, ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗು ತನ್ನ ನೆರೆಯ ಶಾಲೆಯಲ್ಲಾಗಲಿ, ತಾನು ಆಯ್ದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣಕ್ಕೆ ಹಕ್ಕುಳ್ಳದ್ದು. ಬರೆಯಲಾರದವರಿಗೆ ಪರೀಕ್ಷೆಯಲ್ಲಿ ಲಿಪಿಕಾರನೂ ಹೆಚ್ಚಿನ ಸಮಯವೂ ದೊರೆಯುತ್ತವೆ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ವೈಕಲ್ಯ ಪ್ರಮಾಣಪತ್ರ ಬೇಕು. ತಾವು ಹೋದ ಮೇಲೆ ಮಗುವಿನ ಗತಿಯೇನೆಂದು ರಾತ್ರಿ ನಿದ್ದೆಗೆಡುವ ತಂದೆತಾಯಿಗಳು ತಿಳಿಯಬೇಕಾದುದು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ. ಬುದ್ಧಿಯ ಕುಂದು ಹೆಚ್ಚಾಗಿದ್ದರೆ, ಹದಿನೆಂಟು ತುಂಬಿದ ಬಳಿಕ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ಸೋದರನನ್ನೋ ನಂಬಿಕೆಯ ಬಂಧುವನ್ನೋ ಕಾನೂನುಬದ್ಧ ಪೋಷಕನನ್ನಾಗಿ ನೇಮಿಸಿಕೊಳ್ಳಬಹುದು. ಅರ್ಜಿಯನ್ನು ತಂದೆತಾಯಿಗಳು ಬದುಕಿರುವಾಗಲೇ ಹಾಕಬೇಕು.