ಬೆಳಗಿನ ಚಳಿಗೆ ಲಾರಿ ಸ್ಟಾರ್ಟ್ ಆಗದಿದ್ದರೆ ಎಲ್ಲಿ ನೋಡಬೇಕು?

ಪುಷ್ಯ ಮಾಸದ ನಸುಕು. ಜಗಳೂರು, ನ್ಯಾಮತಿಯ ಮೆಕ್ಕೆಜೋಳ, ಹೊನ್ನಾಳಿಯ ಭತ್ತ, ಚನ್ನಗಿರಿಯ ಅಡಿಕೆ ತುಂಬಿಕೊಂಡ ಲಾರಿಗಳು ಹೊರಡುವ ಹೊತ್ತು. ಡ್ರೈವರ್ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳುವುದಿಲ್ಲ. ‘ಚಳಿಗೆ ಡೀಸೆಲ್ ಗಟ್ಟಿಯಾಗಿದೆ’ ಅನ್ನುತ್ತಾರೆ ಸುತ್ತ ನಿಂತವರು.

ನಮ್ಮ ಕಡೆ ಆ ಮಾತು ನಿಜವಲ್ಲ. ಐಎಸ್ 1460 ಮಾನದಂಡದಂತೆ ಚಳಿಗಾಲದ ಡೀಸೆಲ್ 3 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹರಿಯಬೇಕು. ದಾವಣಗೆರೆ ಜಿಲ್ಲೆಯ ಚಳಿ ಅಷ್ಟು ಕೆಳಗಿಳಿಯುವುದಿಲ್ಲ. ಡೀಸೆಲ್ ಹೆಪ್ಪುಗಟ್ಟುವುದು ಲಡಾಖ್‌ನಂಥ ಕಡೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ನಮ್ಮ ಚಳಿ, ಗಾಡಿಯಲ್ಲಿ ಮೊದಲೇ ಇದ್ದ ದೋಷವನ್ನು ಬಯಲಿಗೆ ತರುತ್ತದೆ, ಅಷ್ಟೆ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ನಾಝಲ್‌ನಿಂದ ಚಿಮ್ಮಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದರೆ ಆ ಕಾವು ತಣ್ಣಗಿರುವ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ. ಚಳಿಯಲ್ಲಿ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಬಲವೂ ಕುಗ್ಗುತ್ತದೆ. ಹಾಗಾಗಿ ಸೆಲ್ಫ್ ಹೊಡೆಯುವಾಗ ಕಿವಿ ಎಂಜಿನ್ ಕಡೆ, ಕಣ್ಣು ಸೈಲೆನ್ಸರ್ ಕಡೆ ಇರಲಿ.

ಟಕ್ ಎಂದು ನಿಂತರೆ, ಎಳೆದೆಳೆದು ತಿರುಗಿದರೆ

ಇದು ಕರೆಂಟಿನ ತೊಂದರೆ. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಪೂರ್ತಿ ಚಾರ್ಜ್ ಆದ ಒಂದೊಂದು ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಎರಡರಲ್ಲಿ ಒಂದು ಸೊರಗಿದರೂ ಸಾಕು, ಸೆಲ್ಫ್ ಸೋಲುತ್ತದೆ. ಬ್ಯಾಟರಿ ಸರಿಯಿದ್ದರೆ ಟರ್ಮಿನಲ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಅಲ್ಲಿ ಹಿಡಿತ ಸಡಿಲವಾಗಿದೆ ಅಥವಾ ಬಿಳಿ ಪುಡಿ ಕಟ್ಟಿದೆ. ಚಾಸಿಗೆ ಹೋಗುವ ಅರ್ಥ್ ಕೇಬಲ್ ಮರೆಯಬೇಡಿ. ಕೊನೆಗೆ ಸೆಲ್ಫ್ ಮೋಟಾರ್ ಬಿಚ್ಚಿ.

ಚೆನ್ನಾಗಿ ತಿರುಗಿದರೂ ಹೊಗೆಯೇ ಬಾರದಿದ್ದರೆ

ಎಂಜಿನ್‌ಗೆ ಡೀಸೆಲ್ ತಲುಪುತ್ತಿಲ್ಲ. ಹಗಲೆಲ್ಲ ಸರಿಯಾಗಿ ಓಡಿ ಬೆಳಗ್ಗೆ ಮಾತ್ರ ಹಠ ಹಿಡಿದರೆ ಲೈನಿನಲ್ಲಿ ಏರ್ ಹಿಡಿದಿರಬಹುದು. ವಾಷರ್ ಸವೆದು ಅಥವಾ ಪೈಪ್ ಬಿರಿದು, ರಾತ್ರಿ ಡೀಸೆಲ್ ಟ್ಯಾಂಕಿಗೆ ಮರಳಿರುತ್ತದೆ. ಟ್ಯಾಂಕಿನಿಂದ ಎಳೆಯುವ ಕಡೆಯ ಸೋರಿಕೆ ಹೊರಗೆ ಹನಿಯುವುದಿಲ್ಲ, ಗಾಳಿಯನ್ನು ಒಳಗೆಳೆಯುತ್ತದೆ. ಬಹಳ ಮಂದಿ ಮೋಸಹೋಗುವುದು ಇಲ್ಲೇ. ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿದ ಮೇಲೆ ಗಾಡಿ ಎದ್ದರೆ ಅನುಮಾನ ನಿಜವಾಯಿತು. ಕಾಮನ್ ರೈಲ್ ಎಂಜಿನ್‌ನಲ್ಲಿ ನಾಝಲ್ ಪೈಪ್ ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗಬಲ್ಲದು.

ಬಿಳಿ ಹೊಗೆ ಬಂದೂ ಏಳದಿದ್ದರೆ

ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಇರುವ ಚಿಕ್ಕ ಗಾಡಿಯಾದರೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ಆಗಲೂ ಏಳದಿದ್ದರೆ ಪ್ಲಗ್ ಪರೀಕ್ಷಿಸಿ. ಮುಂದಿನ ಅನುಮಾನ ನಾಝಲ್ ಮೇಲೆ, ಆಮೇಲೆ ರಿಂಗ್ ಸವೆದು ತಗ್ಗಿದ ಕಂಪ್ರೆಶನ್ ಮೇಲೆ.

ಇವನ್ನು ಮಾಡಲೇಬೇಡಿ: ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವುದು, ಏರ್ ಫಿಲ್ಟರಿಗೆ ಪೆಟ್ರೋಲ್ ಹಾಕುವುದು, ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷ ಬಿಡಿ.

ರಾತ್ರಿ ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿದರೆ ಒಳಗೆ ನೀರಹನಿ ಕಟ್ಟುವುದು ಕಡಿಮೆ. ಫಿಲ್ಟರಿನ ತಳದ ನೀರನ್ನು ಆಗಾಗ ಬಸಿಯಿರಿ. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ‘ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳಿ ಬಿಡಬೇಡಿ. ಸೆಲ್ಫ್ ಹೇಗೆ ತಿರುಗಿತು, ಹೊಗೆ ಬಂತೇ, ಯಾವ ಬಣ್ಣ, ಇವು ಮೂರನ್ನೂ ಹೇಳಿ. ಬೇಕಾದ ಸಾಮಾನು ಹಿಡಿದೇ ಅವರು ಊರು ಬಿಡುತ್ತಾರೆ.