ಹದಿನಾರು ಕೆರೆ, ಆರುನೂರು ಎಂ.ಎಂ.

ಡಿಸೆಂಬರಿನ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಕ್ಕೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಾರುಗಳು. ಮೈಸೂರಿನವು, ಬೆಂಗಳೂರಿನವು, ಒಂದೆರಡು ಮಂಡ್ಯದವು. ಕಾರಿನ ಪಕ್ಕ ಟ್ರೈಪಾಡು, ಟ್ರೈಪಾಡಿನ ಮೇಲೆ ಎಲೆಹಸಿರು ಅಂಗಿ ತೊಟ್ಟ ಲೆನ್ಸು, ಲೆನ್ಸಿನ ಹಿಂದೆ ಮಂಕಿ ಕ್ಯಾಪ್ ಹಾಕಿಕೊಂಡ ಒಬ್ಬ ಮನುಷ್ಯ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಹಲ್ಲಿನ ಡಾಕ್ಟರು, ನಿವೃತ್ತ ಮೇಷ್ಟರು. ಎಲ್ಲರೂ ಕಾಯುತ್ತಿರುವುದು ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳಿಗೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ. ರಾತ್ರಿಯೆಲ್ಲ ಸುತ್ತಲ ಹೊಲಗದ್ದೆಗಳಲ್ಲಿ ಮೇದು ಬೆಳಗಾಗುವಾಗ ಕೆರೆಗೆ ವಾಪಸಾಗುತ್ತವೆ. ಹಿಂಡು ತಲೆಯ ಮೇಲೆ ಬಂದ ಕೂಡಲೇ ಏರಿಯುದ್ದಕ್ಕೂ ಷಟರಿನ ಸದ್ದು ಜೋಳ ಸಿಡಿದ ಹಾಗೆ ಕೇಳುತ್ತಿತ್ತು. ಈಗ ಅದೂ ಕಡಿಮೆ. ಹೊಸ ಕ್ಯಾಮೆರಾಗಳಿಗೆ ಬಾಯಿಲ್ಲ.

ಆ ಸಾಲಿನಲ್ಲಿ ನಾನೂ ಒಬ್ಬ. ಹಿಂದಿನ ಚಳಿಗಾಲದಲ್ಲಿ ನನ್ನ ಕೈಯಲ್ಲಿ ಹೊಸ ಲೆನ್ಸಿತ್ತು: 180ರಿಂದ 600 ಎಂ.ಎಂ. ಜೂಮ್, ಎರಡು ಕಿಲೋ ತೂಕ, ಬೆಲೆ ಒಂದೂವರೆ ಲಕ್ಷದ ಮೇಲೆ. ಕೆರೆಯ ಆಚೆ ಹೊಲವಿರುವ ಯಜಮಾನರೊಬ್ಬರು ದನ ಹೊಡೆದುಕೊಂಡು ಹೋಗುವಾಗ ದಿನಾ ನಿಂತು ನೋಡುತ್ತಿದ್ದರು. ಅವತ್ತು ಕೇಳಿಯೇಬಿಟ್ಟರು: "ಎಷ್ಟಾಯ್ತು ಸಾ ಇದ್ಕೆ?"

"ಎಂಬತ್ತು ಸಾವ್ರ ಯಜಮಾನ್ರೆ" ಎಂದೆ. ಮನೆಯಲ್ಲೂ ಅದನ್ನೇ ಹೇಳಿದ್ದೆ. ಕ್ಯಾಮೆರಾ ಹುಚ್ಚಿನವರು ಬೆಲೆಯನ್ನು ಅರ್ಧ ಮಾಡಿ ಹೇಳುವುದು ನಮ್ಮೊಳಗಿನ ಒಪ್ಪಂದ. ಯಜಮಾನರು ಲೆಕ್ಕ ಹಾಕುತ್ತಾ ನಿಂತರು. "ಎರಡು ಒಳ್ಳೆ ಹಸ" ಎಂದರು, ಯಾರಿಗೋ ಹೇಳಿದಂತೆ. ಆಮೇಲೆ ಬಾತುಗಳ ಕಡೆ ಕೈ ತೋರಿಸಿ, "ಇವು ರಾತ್ರಿ ನಮ್ ಹುರುಳಿ ತಿಂತವೆ. ಅವುಕ್ ಇಷ್ಟ್ ಖರ್ಚು ಮಾಡ್ತೀರಲ್ಲ" ಎಂದು ನಕ್ಕು ನಡೆದರು.

ಹಸುವಿನ ಲೆಕ್ಕ ಬಿಡಿ, ಗಾಜಿನ ಲೆಕ್ಕವೇ ವಿಚಿತ್ರ. ಆರುನೂರು ಎಂ.ಎಂ. ಲೆನ್ಸು ಎಷ್ಟು ಬೆಳಕು ಹಿಡಿಯುತ್ತದೆ ಎಂಬುದು ಅದರ ಬಾಯಿಯ ಅಗಲಕ್ಕೆ ಬಿಟ್ಟದ್ದು. 600ನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ. ನನ್ನ ಜೂಮಿನದು ಎಫ್ 6.3; ಅಂದರೆ ಸುಮಾರು 95 ಮಿಲಿಮೀಟರ್, ಒಂದು ಸಣ್ಣ ತಟ್ಟೆ. ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರದ್ದು ಎಫ್ 4. 150 ಮಿಲಿಮೀಟರ್, ತಿಂಡಿ ತಟ್ಟೆಯ ಹತ್ತಿರ. ಅಷ್ಟು ಅಗಲದ ಗಾಜನ್ನು ಒಂದು ಗುಳ್ಳೆಯೂ ಇಲ್ಲದ ಹಾಗೆ ಅಚ್ಚುಹಾಕಿ, ಉಜ್ಜಿ, ಒಂದರ ಹಿಂದೆ ಒಂದನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸಬೇಕು. ಬೆಳಕು ಎರಡೂವರೆ ಪಟ್ಟು ಹೆಚ್ಚು, ಬೆಲೆ ಆರು ಪಟ್ಟಿಗೂ ಮೇಲೆ. ಹತ್ತು ಲಕ್ಷ ದಾಟಿದ ಆ ಲೆನ್ಸನ್ನು ಡಾಕ್ಟರು ಮಗುವಿನಂತೆ ಟವೆಲಿನಲ್ಲಿ ಸುತ್ತಿ ಹಿಂದಿನ ಸೀಟಿಗೆ ಬೆಲ್ಟು ಹಾಕಿ ತರುತ್ತಾರೆ.

ಹತ್ತು ಲಕ್ಷಕ್ಕೆ ಸಿಗುವುದೇನು? ನಾಲ್ಕು ಡಿಗ್ರಿ. ಕ್ಯಾಮೆರಾ ಕೊಂಡಾಗ ಜೊತೆಗೇ ಬರುವ 18ರಿಂದ 55 ಎಂ.ಎಂ. ಕಿಟ್ ಲೆನ್ಸು, ಯಾರೂ ಕೇಳದ ಆ ಬಡಪಾಯಿ, ಎಪ್ಪತ್ತಾರು ಡಿಗ್ರಿಯಷ್ಟು ಜಗತ್ತು ತೋರಿಸುತ್ತದೆ. ಆರುನೂರರ ಲೆನ್ಸು ತೋರಿಸುವುದು ಕೈ ನೀಡಿ ಹಿಡಿದ ಎರಡು ಹೆಬ್ಬೆರಳು ಮರೆಮಾಡುವಷ್ಟು ಜಾಗವನ್ನು. ದುಡ್ಡು ಸುರಿದಷ್ಟೂ ಕಾಣುವುದು ಕಿರಿದಾಗುತ್ತಾ ಹೋಗುವ ಹವ್ಯಾಸ ಇದು. ನಾವು ಅದಕ್ಕೆ ಇಟ್ಟಿರುವ ಹೆಸರು 'ರೀಚ್'.

ಈ ಕೊಳ್ಳುವ ಬಾಕತನಕ್ಕೂ ಒಂದು ಹೆಸರಿದೆ. ಸ್ಟೀಲಿ ಡ್ಯಾನ್ ವಾದ್ಯವೃಂದದ ವಾಲ್ಟರ್ ಬೆಕರ್ 1990ರ ದಶಕದಲ್ಲಿ ಗಿಟಾರ್ ಪತ್ರಿಕೆಯೊಂದಕ್ಕೆ ಬರೆಯುತ್ತಾ, ಮನೆ ತುಂಬ ಗಿಟಾರಿದ್ದರೂ ಇನ್ನೊಂದು ಬೇಕೆನಿಸುವುದನ್ನು 'ಗಿಟಾರ್ ಅಕ್ವಿಸಿಷನ್ ಸಿಂಡ್ರೋಮ್' ಎಂದು ಕರೆದ. ಗಿಟಾರ್ ಇದ್ದಲ್ಲಿ ಗೇರ್ ಎಂದು ಹಾಕಿಕೊಂಡು ಫೋಟೋಗ್ರಾಫರುಗಳು ಆ ರೋಗವನ್ನು ಹಾಗೇ ದತ್ತು ತೆಗೆದುಕೊಂಡರು. ಚಿಕ್ಕದಾಗಿ 'ಗ್ಯಾಸ್'. ನಮ್ಮ ಗುಂಪಿನಲ್ಲಿ ಯಾರಾದರೂ ರಾತ್ರಿ ಹನ್ನೊಂದಕ್ಕೆ ಹೊಸ ಕ್ಯಾಮೆರಾ ಬಾಡಿಯ ರಿವ್ಯೂ ಹಂಚಿಕೊಂಡರೆ "ಮತ್ತೆ ಗ್ಯಾಸಾ? ಓಮಿನ ನೀರು ಕುಡೀರಿ" ಎಂದು ಉತ್ತರ ಬರುತ್ತದೆ. ಲಕ್ಷಣಗಳು ಎಲ್ಲರಲ್ಲೂ ಒಂದೇ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಫುಲ್‌ಫ್ರೇಮ್ ಮಿರರ್‌ಲೆಸ್ಸಿಗೆ ಇಳಿದಾಗ, ಹತ್ತು ವರ್ಷ ದುಡಿದ ಕನ್ನಡಿ ಕ್ಯಾಮೆರಾಗಳು ಒಂದೇ ಸಲಕ್ಕೆ ಅಜ್ಜಂದಿರಾದವು. ಬೀರುವಿನಲ್ಲಿದ್ದ ಲೆನ್ಸುಗಳಿಗೆ ಅಡಾಪ್ಟರು ಬೇಕಾಯಿತು, ಬೇಡವಾದವು ಅರ್ಧ ಬೆಲೆಗೆ ಕೈ ಬದಲಾದವು. ನಾನು ಮಾರಿದ ಲೆನ್ಸನ್ನು ಕೊಂಡ ಹುಡುಗ ಅದರಲ್ಲಿ ತೆಗೆದ ಮಿಂಚುಳ್ಳಿಯ ಚಿತ್ರ ಕಳಿಸಿದ್ದಾನೆ. ನನ್ನ ಕೈಯಲ್ಲಿ ಅದು ಅಷ್ಟು ಚೆನ್ನಾಗಿ ಎಂದೂ ತೆಗೆದಿರಲಿಲ್ಲ.

ನಮ್ಮ ಮನೆಯ ಮೊದಲ ಕ್ಯಾಮೆರಾ ಅಪ್ಪನ ಆಗ್ಫಾ ಕ್ಲಿಕ್ ತ್ರೀ. ಬರೋಡಾದಲ್ಲಿ ತಯಾರಾದದ್ದು. ಒಂದು ರೀಲಿಗೆ ಹನ್ನೆರಡು ಫೋಟೋ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಕಪ್ಪುಬಿಳುಪು ಫಿಲ್ಮು ಹಾಕಿದರೆ ಯುಗಾದಿಗೆ ಎರಡು, ಗೌರಿಹಬ್ಬಕ್ಕೆ ಮೂರು ಹೀಗೆ ವರ್ಷವೆಲ್ಲ ಬರುತ್ತಿತ್ತು. ರೀಲು ತೊಳೆಸಲು ಸ್ಟುಡಿಯೋಗೆ ಕೊಟ್ಟು ಬಂದರೆ ವಾರ ಕಾಯಬೇಕು. ತೊಳೆದು ಬಂದ ಮೇಲೆ ಅರ್ಧ ಚಿತ್ರಗಳಲ್ಲಿ ಅತ್ತೆಯ ತಲೆ ಇರುತ್ತಿರಲಿಲ್ಲ. ಹಿಂದಿನ ಚಳಿಗಾಲ ಹದಿನಾರಿನಲ್ಲಿ ಒಂದೇ ಬಾತು ನೀರಿಗಿಳಿಯುವಾಗ ನಾನು ಹೊಡೆದದ್ದು 140 ಫ್ರೇಮು.

ಹವ್ಯಾಸಕ್ಕಾಗಿ ಕೈ ಸುಟ್ಟುಕೊಳ್ಳುವುದು ನಮ್ಮ ಕಾಲದವರು ಕಂಡುಹಿಡಿದದ್ದೇನೂ ಅಲ್ಲ. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. 1983ರಲ್ಲಿ ಬಂದ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕ ಇವತ್ತಿಗೂ ಹಳಬರ ಕಪಾಟಿನಲ್ಲಿದೆ. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇದ್ದರು. ಮೂಡಿಗೆರೆಯ ತೋಟದಲ್ಲಿ ತೇಜಸ್ವಿ ಫಿಲ್ಮು ಹಾಕಿಕೊಂಡು ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಆ ಕಾಲದ ಹವ್ಯಾಸಿಗಳು ಡಾರ್ಕ್‌ರೂಮಿನಲ್ಲಿ ತಾವೇ ಪ್ರಿಂಟು ಹಾಕಿ, ರಟ್ಟುಗಳ ನಡುವೆ ಕಟ್ಟಿ, ಪರದೇಶದ ಸಲೋನುಗಳಿಗೆ, ಅಂದರೆ ಫೋಟೋ ಪ್ರದರ್ಶನಗಳಿಗೆ, ಅಂಚೆಯಲ್ಲಿ ಕಳಿಸುತ್ತಿದ್ದರು. ತಿಂಗಳುಗಳಾದ ಮೇಲೆ ಪ್ರಿಂಟು ವಾಪಸು ಬರುವಾಗ ಅದರ ಬೆನ್ನಿಗೆ 'ಆಯ್ಕೆಯಾಗಿದೆ' ಎಂಬ ಚೀಟಿ ಅಂಟಿದ್ದರೆ ಅದೇ ಅವರ ಲೈಕು. ಬೆಂಗಳೂರಿನ ಹಿರಿಯರೊಬ್ಬರ ಮನೆಯಲ್ಲಿ ಅಂಥ ಒಂದು ಪ್ರಿಂಟು ನೋಡಿದ್ದೇನೆ. ಮುಂದೆ ಒಂದು ಗೂಬೆ. ಹಿಂದೆ ಹದಿನಾಲ್ಕು ಊರಿನ ಚೀಟಿಗಳು. ಅವರು ನನಗೆ ಮೊದಲು ತೋರಿಸಿದ್ದು ಹಿಂಭಾಗವನ್ನು.

2004ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಫ್ಲಿಕರ್ ಶುರುವಾದಾಗ ಅಂಚೆಯ ತಾಪತ್ರಯ ಮುಗಿಯಿತು. ನನ್ನಂಥವನು ಮೈಸೂರಿನ ಸರಸ್ವತಿಪುರಂನ ಸೈಬರ್ ಕೆಫೆಯಲ್ಲಿ ಕುಳಿತು ಏರಿಸಿದ ಕೊಕ್ಕರೆಗೆ ಫಿನ್ಲೆಂಡಿನ ಯಾರೋ ನಕ್ಷತ್ರ ಕೊಡುತ್ತಿದ್ದರು. ಷಟರ್ ಎಷ್ಟು, ಐಎಸ್‌ಒ ಎಷ್ಟು, ಯಾವ ಲೆನ್ಸು ಎಂಬುದೆಲ್ಲ ಚಿತ್ರದ ಬುಡದಲ್ಲೇ ಕಾಣುತ್ತಿತ್ತು. ಅಲ್ಲಿಂದಲೇ ನಮಗೆ ಗ್ಯಾಸು ಹಿಡಿದದ್ದು ಎಂದು ನನಗೆ ಗುಮಾನಿ. ಒಳ್ಳೆಯ ಚಿತ್ರ ಕಂಡ ಕೂಡಲೇ ಕಣ್ಣು ಹಕ್ಕಿಯನ್ನು ಬಿಟ್ಟು ಲೆನ್ಸಿನ ಹೆಸರಿಗೆ ಜಾರುತ್ತಿತ್ತು. ಫ್ಲಿಕರನ್ನು ಯಾಹೂ ಕೊಂಡಿತು, 2018ರಲ್ಲಿ ಸ್ಮಗ್‌ಮಗ್ ಕೊಂಡಿತು. ಅಷ್ಟರಲ್ಲಿ 2010ರಲ್ಲಿ ಹುಟ್ಟಿದ ಇನ್‌ಸ್ಟಾಗ್ರಾಂ ಎಲ್ಲರನ್ನೂ ಫೋನಿನೊಳಕ್ಕೆ ಎಳೆದುಕೊಂಡಿತ್ತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಡಾಕ್ಟರ ಕ್ಯಾಮೆರಾ 45 ಮೆಗಾಪಿಕ್ಸೆಲ್ಲಿನದು. ಚಿತ್ರದ ಅಗಲ 8256 ಚುಕ್ಕೆ, ಎತ್ತರ 5504. ಇನ್‌ಸ್ಟಾಗ್ರಾಂ ತೋರಿಸುವ ಅಗಲ 1080 ಚುಕ್ಕೆ. ಅಡ್ಡ ಚಿತ್ರ ಹಾಕಿದರೆ 1080ಕ್ಕೆ 720. ಅಂದರೆ ಮುಕ್ಕಾಲು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು. ಕ್ಯಾಮೆರಾ ಹಿಡಿದ ಐವತ್ತೆಂಟು ಚುಕ್ಕೆಗಳಲ್ಲಿ ಒಂದು ಮಾತ್ರ ನೋಡುಗರಿಗೆ ತಲುಪುತ್ತದೆ. ಹಾರುವ ಹಕ್ಕಿ ಅಡ್ಡಡ್ಡ, ಫೋನು ಉದ್ದುದ್ದ. ಹಾಗಾಗಿ ಈಗ ರೆಕ್ಕೆ ಮೇಲೆತ್ತಿದ ಚಿತ್ರಗಳಿಗೇ ಬೇಡಿಕೆ. ಡಾಕ್ಟರಿಗೆ ಈ ಲೆಕ್ಕ ಹೇಳಿದೆ. "ಗೊತ್ತು ಸಾರ್. ಆದ್ರೂ ಝೂಮ್ ಮಾಡಿ ನೋಡಿದ್ರೆ ಕಣ್ಣಲ್ಲಿ ನಮ್ಮ ಕಾರು ಕಾಣುತ್ತೆ" ಎಂದರು. ನಿಜವಾಗಿಯೂ ಕಾಣುತ್ತಿತ್ತು.

ಹಂಚಿಕೊಂಡದ್ದು ಎಲ್ಲಿ ಹೋಗುತ್ತದೋ ಶಿವನಿಗೇ ಗೊತ್ತು. ನಾನು ಎರಡು ವರ್ಷದ ಹಿಂದೆ ಹಾಕಿದ್ದ ರಂಗನತಿಟ್ಟಿನ ಚಮಚಕೊಕ್ಕು ಒಂದು ಮುಂಜಾನೆ ಶಿವಮೊಗ್ಗದ ಚಿಕ್ಕಮ್ಮನ ವಾಟ್ಸ್ಆ್ಯಪಿನಿಂದ ನನಗೇ ವಾಪಸು ಬಂತು. ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿಹೋಗಿತ್ತು. ಮೇಲೆ 'ಶುಭೋದಯ', ಕೆಳಗೆ ಎರಡು ಗುಲಾಬಿ, ಜೊತೆಗೆ ತಾಳ್ಮೆಯ ಬಗ್ಗೆ ಒಂದು ಹಿತವಚನ. "ಎಷ್ಟು ಚೆನ್ನಾಗಿದೆ ನೋಡೋ, ನೀನೂ ಇಂಥಾದ್ದು ತೆಗಿ" ಎಂದು ಚಿಕ್ಕಮ್ಮ ಕೆಳಗೆ ಬರೆದಿದ್ದರು. ನಾನು ತೆಗೆದ ಚಿತ್ರಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಬಹುಶಃ ಅದೇ.

ಒಂದೊಂದು ಸಲ ನಸೀಬು ಬೇರೆ ಥರ. ಕಬಿನಿಯಲ್ಲಿ ಬೆಂಗಳೂರಿನ ಛಾಯಾಗ್ರಾಹಕರೊಬ್ಬರು ಆರು ದಿನ ಕಾದು ತೆಗೆದ ಚಿತ್ರ, ಹೆಣ್ಣು ಚಿರತೆ ಮುಂದೆ, ಅದರ ನೆರಳಿನಂತೆ ಹಿಂದೆ ಕರಿಚಿರತೆ, 2020ರ ಲಾಕ್‌ಡೌನ್ ಕಾಲದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಆರು ದಿನ ಕಾದ ಸಂಗತಿಯನ್ನು ನಾವೆಲ್ಲ ಕೇಳಿಸಿಕೊಂಡೆವು, ಆಮೇಲೆ ಅವರ ಲೆನ್ಸು ಯಾವುದೆಂದು ವಿಚಾರಿಸಿದೆವು.

ಕಾಯುವುದನ್ನೂ ಈಗ ಯಂತ್ರವೇ ವಹಿಸಿಕೊಳ್ಳುತ್ತಿದೆ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಬಿಡದೆ ಹಿಡಿಯುವ ಫೋಕಸ್ಸು 2020ರ ಹೊತ್ತಿಗೇ ಬಂದಿತ್ತು. ಅದಕ್ಕಿಂತ ನನ್ನನ್ನು ಬೆಚ್ಚಿಸಿದ್ದು 'ಪ್ರಿ-ಕ್ಯಾಪ್ಚರ್'. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಸಾಕು, ಕ್ಯಾಮೆರಾ ಒಳಗೊಳಗೇ ಚಿತ್ರ ತೆಗೆಯುತ್ತಾ, ಹಳೆಯದನ್ನು ಅಳಿಸುತ್ತಾ ಇರುತ್ತದೆ. ಮಿಂಚುಳ್ಳಿ ಕೊಂಬೆ ಬಿಟ್ಟ ಮೇಲೆ ಗಾಬರಿಯಿಂದ ಪೂರ್ತಿ ಒತ್ತಿದರೂ, ಒತ್ತುವುದಕ್ಕೆ ಮುಂಚಿನ ಅರ್ಧ ಕ್ಷಣ, ಒಂದು ಕ್ಷಣ ಕಾರ್ಡಿನಲ್ಲಿರುತ್ತದೆ. ನನ್ನ ಬಳಿ ಈಗ ಹಾಗೆ ಸಿಕ್ಕ ಮಿಂಚುಳ್ಳಿಯ ಚಿತ್ರವಿದೆ, ಚೂಪಾಗಿದೆ, ರೆಕ್ಕೆ ಪೂರ್ತಿ ಬಿಚ್ಚಿದೆ. ಅದನ್ನು ತೆಗೆದವನು ನಾನು ಎಂದು ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ತಡವರಿಸಬೇಕಾದ ಇನ್ನೊಂದು ಜಾಗ ಗೂಡು. ಗೂಡಿನ ಎದುರು ಹತ್ತು ಜನ ಟ್ರೈಪಾಡು ನಿಲ್ಲಿಸಿದರೆ ತಾಯಿಹಕ್ಕಿ ಹತ್ತಿರ ಬರುವುದಿಲ್ಲ. ಮರಿ ಬಿಸಿಲಿಗೋ ಕಾಗೆಗೋ ಈಡಾಗುತ್ತದೆ. ಚಿತ್ರದ ಕಡತದಲ್ಲಿ ಜಾಗದ ಗುರುತು ಅಡಗಿದ್ದರೆ ಮರುವಾರ ಇಪ್ಪತ್ತು ಜನ. ಗೂಡಿನ ಚಿತ್ರಗಳನ್ನು ಒಪ್ಪದ ಸ್ಪರ್ಧೆಗಳು ಈಗ ಹೆಚ್ಚಿವೆ, ಒಳ್ಳೆಯದಾಯಿತು. ಹಾಗೆಂದು ಹಂಚಿಕೊಳ್ಳುವುದೆಲ್ಲ ಒಣ ಜಂಬವೂ ಅಲ್ಲ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥ ಹಕ್ಕಿ ನಮ್ಮ ಕೆರೆಗೆ ಬಂದಾಗ ಆ ಅಕ್ಷರ ಓದುವಷ್ಟು ಸ್ಪಷ್ಟವಾದ ಒಂದು ಫೋಟೋ ಸಿಕ್ಕರೆ ಅದು ಹಾರಿದ ದಾರಿಯ ಎರಡು ತುದಿಗಳು ಕೂಡುತ್ತವೆ. ಆ ಕೆಲಸಕ್ಕೆ ಹಿಂದಿನದೆಲ್ಲ ಮಸುಕಾಗಿ ಕರಗುವ ಬೊಕೆ ಬೇಕಿಲ್ಲ, ಹಿನ್ನೆಲೆ ಕ್ಲೀನಾಗಿರಬೇಕಿಲ್ಲ. ಕೊರಳು ಕಂಡರೆ ಸಾಕು.

ನನ್ನ 140 ಫ್ರೇಮುಗಳಲ್ಲಿ ಒಂದು ಚೆನ್ನಾಗಿ ಬಂದಿತ್ತು. ಬಾತು ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ, ನೀರು ಮುಟ್ಟುವ ಗಳಿಗೆ. ಹಿಂದೆ ಹೊಂಬಣ್ಣ ಹಸಿರಿನಲ್ಲಿ ಕರಗಿದಂಥ ಹಿನ್ನೆಲೆ. ಹಾಕಿದ ಸಂಜೆಗೇ ಗೆಳೆಯರೆಲ್ಲ ಒಂದೇ ಮಾತು: "ಬ್ಯಾಕ್‌ಗ್ರೌಂಡ್ ಬೆಣ್ಣೆ!" ಹುರುಪಿನಲ್ಲಿ ಹನ್ನೆರಡಕ್ಕೆ ಹದಿನೆಂಟು ಇಂಚಿನ ಪ್ರಿಂಟು ಹಾಕಿಸಿದೆ. ಎಷ್ಟೋ ವರ್ಷಗಳ ಮೇಲೆ ನನ್ನ ಚಿತ್ರವೊಂದು ಕೈಗೆ ತೂಕವಾಗಿ ಸಿಕ್ಕಿತು. ಇನ್ನೊಂದು ಪ್ರತಿ ಯಜಮಾನರಿಗೆಂದು ತೆಗೆದುಕೊಂಡು ಫೆಬ್ರುವರಿಯಲ್ಲಿ ಹದಿನಾರಿಗೆ ಹೋದೆ. ಬಾತುಗಳು ಇನ್ನೂ ಇದ್ದವು, ಹುರುಳಿ ಕಟಾವಾಗಿತ್ತು.

ಟೀ ಅಂಗಡಿಯ ಬೆಂಚಿನ ಮೇಲೆ ಪ್ರಿಂಟು ಬಿಚ್ಚಿದೆವು. ಯಜಮಾನರು ಕೈ ಒರೆಸಿಕೊಂಡು ಅಂಚಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಮ್ ಕೆರೆನಾ ಸಾ?"

"ನಿಮ್ದೇ. ಅವತ್ತು ನೀವೂ ಇದ್ರಲ್ಲ."

"ಮತ್ತೆ ನಮ್ ಹುಣ್ಸೆಮರ ಎಲ್ಲಿ?"

ಬಾತಿನ ಬಲ ರೆಕ್ಕೆಯ ಹಿಂದೆ ಇದ್ದ ಕಂದು ಛಾಯೆಯನ್ನು ತೋರಿಸಿ, ಅದೇ ಇರಬೇಕು ಎಂದೆ. ಅವರು ಹೆಬ್ಬೆರಳನ್ನು ಅದರ ಮೇಲಿಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. "ಅವ್ವ ನೆಟ್ಟಿದ್ ಮರ. ಅಷ್ಟ್ ದೊಡ್ ಮರ ಇಷ್ಟ್ ದೊಡ್ ಮಿಷಿನ್ನಾಗೆ ಬಿದ್ದಿಲ್ವಾ?" ಬೇಜಾರಿನಿಂದ ಕೇಳಿದ್ದಲ್ಲ, ನಿಜಕ್ಕೂ ಆಶ್ಚರ್ಯವಾಗಿತ್ತು. ಹೊಲ, ಪಂಪ್‌ಸೆಟ್ಟಿನ ಮನೆ, ಆಚೆಯ ಗುಡಿ ಎಲ್ಲವನ್ನೂ ಹುಡುಕಿದರು. ಎಲ್ಲವೂ ಬೆಣ್ಣೆಯಾಗಿಹೋಗಿತ್ತು.

ಆಮೇಲೆ ಅಂಗಿಯ ಜೇಬಿನಿಂದ ಗಾಜು ಬಿರುಕುಬಿಟ್ಟ ಫೋನು ತೆಗೆದರು. "ಮೊಮ್ಮಗ ಹೊಡ್ದಿದ್ದು, ಸ್ಟೇಟಸ್ ಹಾಕಿದ್ದ. ನಮ್ ನೆಂಟ್ರೆಲ್ಲ ನೋಡಿ ಫೋನ್ ಮಾಡಿದ್ರು" ಎಂದು ನನ್ನ ಕಡೆ ತಿರುಗಿಸಿದರು. ಇಡೀ ಕೆರೆ ಇತ್ತು. ಹುಣಸೆಮರ, ಹುರುಳಿ ಹೊಲ, ಗುಡಿಯ ತುದಿ, ನೀರಿನ ನಡುವೆ ಸಾಸಿವೆ ಚೆಲ್ಲಿದ ಹಾಗೆ ಬಾತುಗಳು, ಏರಿಯ ಮೇಲೆ ಸಾಲು ಕಾರು. ಸಾಲಿನ ಕೊನೆಯಲ್ಲಿ ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಲೆನ್ಸಿಗೆ ಕಣ್ಣಿಟ್ಟಿದ್ದ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಮಂಕಿ ಕ್ಯಾಪು ನನ್ನದೇ.