ಹೊಲದ ಹೊದಿಕೆಗೆ ಕೋಳಿ ಪುಕ್ಕ

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಮಲ್ಚಿಂಗ್ ಶೀಟಿನ ಅನುಕೂಲವನ್ನು ಬಿಡಿಸಿ ಹೇಳಬೇಕಿಲ್ಲ. ಏರುಮಡಿಯ ಮೇಲೆ ಹಾಸಿದರೆ ಕಳೆ ಏಳದು, ತೇವ ಆರದು. ತಾಪತ್ರಯ ಶುರುವಾಗುವುದು ಬೆಳೆ ಮುಗಿದ ಮೇಲೆ. ಸಾಮಾನ್ಯವಾಗಿ 25–30 ಮೈಕ್ರಾನ್ ದಪ್ಪದ ಈ ಪಾಲಿಥೀನ್ ಹಾಳೆ ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತದೆ, ಎಳೆದರೆ ಚಿಂದಿಯಾಗುತ್ತದೆ. ಎಷ್ಟು ಆಯ್ದರೂ ಉಳಿದ ಚೂರುಗಳು ಉಳುಮೆಯಲ್ಲಿ ಮಣ್ಣಿಗೆ ಸೇರುತ್ತವೆ, ಅಲ್ಲೇ ಉಳಿಯುತ್ತವೆ.

ಕೀಳುವ ಕೆಲಸವೇ ಇಲ್ಲದ, ಮಣ್ಣಲ್ಲೇ ಕೊಳೆಯುವ ಹಾಳೆ ಮಾಡಲು ವಿಜ್ಞಾನಿಗಳು ನೋಡುತ್ತಿರುವ ಕಚ್ಚಾವಸ್ತುಗಳಲ್ಲಿ ಕೋಳಿ ಪುಕ್ಕವೂ ಒಂದು. ಕೋಳಿಯ ತೂಕದಲ್ಲಿ ಸುಮಾರು ಶೇ. 5ರಿಂದ 7ರಷ್ಟು ಪುಕ್ಕವೇ. ಅದರಲ್ಲಿ ಶೇ. 90ರಷ್ಟು ಕೆರಾಟಿನ್, ನಮ್ಮ ಕೂದಲು, ಉಗುರುಗಳಲ್ಲಿರುವಂಥದೇ ಪ್ರೋಟೀನು. ಕೆರಾಟಿನ್ ಎಳೆಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಪುಕ್ಕ ಸುಟ್ಟಾಗ ಮೂಗಿಗೆ ಅಡರುವ ಕಮಟು ವಾಸನೆಗೂ ಈ ಗಂಧಕ ಕಾರಣ, ಪುಕ್ಕ ನೀರಲ್ಲಿ ಕರಗದಿರುವುದಕ್ಕೂ ಇದೇ ಕಾರಣ.

ಹಾಳೆಯಾಗಬೇಕಾದರೆ ಈ ಬಿಗಿ ಸಡಿಲವಾಗಬೇಕು. ತೊಳೆದು, ಒಣಗಿಸಿ, ಪುಡಿ ಮಾಡಿದ ಪುಕ್ಕಕ್ಕೆ ಸೋಡಿಯಂ ಸಲ್ಫೈಟಿನಂಥ ರಾಸಾಯನಿಕ ಸೇರಿಸಿದರೆ ಕೊಂಡಿಗಳು ಬಿಚ್ಚಿಕೊಳ್ಳುತ್ತವೆ. ಗ್ಲಿಸರಿನ್ ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ತೆಳುಹಾಳೆ ಸಿದ್ಧ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ವಾಲ್ಟರ್ ಶ್ಮಿಟ್ ಮತ್ತು ಜಸ್ಟಿನ್ ಬರೋನ್ ಇಂಥ ಹಾಳೆಗಳನ್ನು 2005ರ ಹೊತ್ತಿಗೇ ಮಾಡಿ ತೋರಿಸಿದ್ದರು.

ಗ್ಲಿಸರಿನ್ ಕಡಿಮೆಯಾದರೆ ಹಾಳೆ ಮುರಿಯುತ್ತದೆ, ಹೆಚ್ಚಾದರೆ ನೀರು ಹೀರಿ ಮೆತ್ತಗಾಗುತ್ತದೆ. ಮಳೆ, ಹನಿ ನೀರಾವರಿ ಎರಡನ್ನೂ ತಾಳಿಕೊಳ್ಳಬೇಕಾದ ಹಾಳೆಗೆ ಇದು ದೊಡ್ಡ ತೊಡಕು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಯೀಚಿ ಯಾಂಗ್ ತಂಡ 2011ರಲ್ಲಿ ಪುಕ್ಕಕ್ಕೆ ಮಿಥೈಲ್ ಅಕ್ರಿಲೇಟ್ ಕಸಿ ಮಾಡಿ, ನೀರು ತಡೆಯುವ ಪ್ಲಾಸ್ಟಿಕ್ ಪಡೆಯಿತು. ಆದರೆ ಆ ರಾಸಾಯನಿಕದ ಮೂಲ ಪೆಟ್ರೋಲಿಯಂ. ಹಾಗಾಗಿ ಕಸಿ ಮಾಡಿದ ಭಾಗವೂ ಮಣ್ಣಲ್ಲಿ ಕೊಳೆಯುತ್ತದೆಯೇ ಎಂದು ಪರೀಕ್ಷಿಸಲೇಬೇಕು.

ಇಷ್ಟು ಪಾಡುಪಡಲು ಕಾರಣವಿದೆ. ಪುಕ್ಕದಲ್ಲಿ ಸುಮಾರು ಶೇ. 15ರಷ್ಟು ಸಾರಜನಕವಿದೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥ ಬ್ಯಾಕ್ಟೀರಿಯಾಗಳು ಕೆರಾಟಿನ್ ಅನ್ನು ಅರಗಿಸಿಕೊಂಡಾಗ ಆ ಸಾರಜನಕ ನಿಧಾನವಾಗಿ ಮಣ್ಣಿಗೆ ಸೇರುತ್ತದೆ. ಕಳೆ ತಡೆದ ಹಾಳೆಯೇ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಕೊಳೆಯುವ ಮಲ್ಚಿಂಗ್ ಹಾಳೆಗೆ ಯುರೋಪ್ 2018ರಲ್ಲಿ ತಂದ ಮಾನದಂಡ ಕಟ್ಟುನಿಟ್ಟಾಗಿದೆ: ಮಣ್ಣಿನ ಪರೀಕ್ಷೆಯಲ್ಲಿ ಎರಡು ವರ್ಷದೊಳಗೆ ಹಾಳೆಯ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಬೇಕು. ಪುಡಿಯಾಗಿ ಕಣ್ಮರೆಯಾದರೆ ಸಾಲದು. ಪುಕ್ಕದ್ದಿರಲಿ, ಜೋಳದ ಪಿಷ್ಟದ್ದಿರಲಿ, ಪರಿಸರಸ್ನೇಹಿ ಎಂದು ಯಾವ ಶೀಟು ಮಾರಾಟಕ್ಕೆ ಬಂದರೂ, ಕೊಳ್ಳುವ ಮುನ್ನ ರೈತರು ಈ ಪರೀಕ್ಷೆಯ ಪ್ರಮಾಣಪತ್ರ ಕೇಳಿ ನೋಡಬೇಕು.